ಕಡ್ಡಿ ಇಲ್ಲದ ಕಾರ್ಸೆಟ್

ಮೇಘಾ,

ನೀ ಮಲಗಿದ್ದಿ, ಎಬ್ಬಿಸಲಿಲ್ಲ. ಸೊಂಟ ಬಿಗಿಯೋ ಆ ಸ್ಟೀಲ್ ಕಡ್ಡಿ ಕಾರ್ಸೆಟ್ ಅಂಗಡಿಗೆ ವಾಪಸ್ ಕೊಡಾಕ ಏಳರ ಬಸ್ಸಿಗೆ ಕೊಟ್ಟೂರಿಗೆ ಹೊಂಟೀನಿ. ನಿನ್ನ ಕೇಳಲಿಲ್ಲ, ಬೇಕಾದ್ರ ಸಿಟ್ಟಾಗು.

ಕಡ್ಡಿ ಇಲ್ಲದ ಮೆತ್ತನ್ನ ಬಟ್ಟಿದು ಮಂಚದ ಮ್ಯಾಲೆ ಐತಿ. ನಿನ್ನ ಮದುವಿ ರಿಸೆಪ್ಶನ್ ಗೌನಿನ ಒಳಗ ಅದನ್ನ ಹಾಕ್ಕೊಂಡು ಒಮ್ಮಿ ಕುಂತು, ಬಗ್ಗಿ ನೋಡು. ಫೋಟೊದಾಗ ಸೊಂಟ ಒಂದಿಂಚು ದಪ್ಪ ಕಂಡ್ರ ಕಾಣಲಿ.

ನಿನ್ನೆ ತಪ್ಪು ನಂದು. ಬಾಣಂತ್ಯಾರ ಸೊಂಟಕ್ಕ ಸೀರಿ ಕಟ್ಟಿ ರೂಢಿ ಆದ ಕೈ. ಹಂಗ ನಿನ್ನ ಬೆನ್ನಿಗೂ ಮೊಣಕಾಲು ಕೊಟ್ಟು ಕಾರ್ಸೆಟ್ ಲಾಡಿ ಜಗ್ಗಿದೆ. ಎಡಗಡಿ ಆಪರೇಷನ್ ಹೊಲಿಗಿ ನೆನಪಾಗಲಿಲ್ಲ. ನೀ "ಇನ್ನಾ ಬಿಗಿ ಎಳೀರಿ ಅತ್ತಿಗಿ" ಅಂದಿ, ಕನ್ನಡ್ಯಾಗ ನಿನ್ನ ಕಣ್ಣು ತುಂಬಿದ್ದು ಕಂಡೆ.

ರೊಟ್ಟಿ ಬುಟ್ಟ್ಯಾಗ ಅದಾವು. ಎಂಟಕ್ಕ ನಿಮ್ಮಣ್ಣಗ ಮಾತ್ರಿ ಕೊಡು, ಒಂದು ನಿಮಿಷ ತಡ ಆಗಬಾರದು. ಇದನ್ನೆಲ್ಲ ಅವರ ಮುಂದ ಹೇಳಬ್ಯಾಡ. ಎಲ್ಲಾ ತಮ್ಮಿಂದಾನ ಅಂತ ಊಟ ಬಿಟ್ಟು ಕೂಡ್ತಾರ.

ನೀ ಅವರಿಗೆ ಕಿಡ್ನಿ ಕೊಟ್ಟು ಮೂರು ವರ್ಷ ಆತು. ಅವತ್ತಿನಿಂದ ಕುಂಕುಮ ಹಚ್ಚಿಕೊಳ್ಳುವಾಗೆಲ್ಲ ಆ ಹೊಲಿಗಿ ನೆನಸಿಕೋತೀನಿ. ಅದನ್ನ ಮರತ ಕೈ ಇವತ್ತು ಹಣಿಗೆ ಏಳಲಿಲ್ಲ. ಕುಂಕುಮದ ಭರಣಿ ಕನ್ನಡಿ ಮುಂದ ಇಟ್ಟೀನಿ. ನಾ ಬಂದ ಮ್ಯಾಲೆ ನನ್ನ ಹಣಿಗೆ ನೀನಾ ಹಚ್ಚು.

ಪುಷ್ಪಲತಾ