ಗ್ಯಾಸ್ ಕಂಪನಿಯ ವೀಳ್ಯ

ವೆಂಬ್ಲಿ
೧೯ ಅಕ್ಟೋಬರ್ ೨೦೨೨, ಬುಧವಾರ

ವಾರದಿಂದ ಮಾವನ ಫೋನ್ ಎತ್ತದೆ ಬಿಗುಮಾನದಲ್ಲಿ ಕೂತಿರುವ ನನ್ನ ಸೊಸೆ ಪ್ರೇಕ್ಷಾಳಿಗೆ, ಎಷ್ಟು ಬೈಸಿಕೊಂಡರೂ ಮೈ ಕರಗದ ಸೋದರಮಾವ ದೇವದಾಸನ ಆಶೀರ್ವಾದ.

ಫೋನಿನಲ್ಲಾದರೆ ನೀನು ಕಟ್ ಮಾಡುತ್ತೀ. ವಾಟ್ಸಪ್ಪಿನಲ್ಲಾದರೆ ಓದಿ ಸುಮ್ಮನಾಗುತ್ತೀ. ಅದಕ್ಕೇ ಕಾಗದ. ಬಾಗಿಲ ಸಂದಿಯಿಂದ ಲಕೋಟೆ ಬಿದ್ದರೆ ಒಡೆಯದೆ ಇಡುವ ಹೆಂಗಸು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಅಕ್ಷರ ಓದಲು ಕಷ್ಟವಾಗದು. ಗಂಗೊಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನಾದರೂ, ವಾರ್ಷಿಕೋತ್ಸವದ ಬೋರ್ಡನ್ನು ಮೇಷ್ಟ್ರು ನನ್ನ ಕೈಯಲ್ಲೇ ಬರೆಸುತ್ತಿದ್ದರು. ಇದನ್ನು ನಿನಗೆ ಮುಂಚೆ ಹೇಳಿದ್ದೇನೋ ಇಲ್ಲವೋ.

ಮೊದಲು ಗ್ಯಾಸ್ ಕಂಪನಿಯ ಹಾಳೆಯಲ್ಲಿ ಬಂದ ಆ ಫೋಟೋದ ವಿಷಯ ಮುಗಿಸೋಣ. ಫೋಟೋ ಚೆನ್ನಾಗಿದೆ. ಎಷ್ಟೇ ಸಿಟ್ಟಿದ್ದರೂ ಅಷ್ಟನ್ನು ನೀನು ಒಪ್ಪಬೇಕು. ಕಾವಲಿಯ ಮುಂದೆ ಸೌಟು ಹಿಡಿದು ನಿಂತಿದ್ದೇನೆ, ಹಿಂದೆ ಆವಿ ಎದ್ದಿದೆ, ಹೊಟ್ಟೆ ಕಾಣುವುದಿಲ್ಲ. ನಿನ್ನ ಸುಜಾತತ್ತೆ ಅದನ್ನು ಫ್ರಿಜ್ಜಿಗೆ ಅಂಟಿಸಿದ್ದಳು. ನೀನು ಬಂದು ಹೋದ ಮೇಲೆ ಕಿತ್ತು ತೆಗೆದಳು. ಆದರೆ ಫೋಟೋದ ಕೆಳಗೆ ಅಚ್ಚು ಹಾಕಿದ ಮಾತು ನನ್ನದಲ್ಲ. "ನಮ್ಮ ಕಾಲಡಿಯ ಗ್ಯಾಸ್ ನಮ್ಮ ಒಲೆಗೆ ಬರಲಿ" ಅಂತ ಇಂಗ್ಲಿಷಿನಲ್ಲಿ ಹಾಕಿ ಕೆಳಗೆ ನನ್ನ ಹೆಸರು ಬರೆದಿದ್ದಾರೆ. ನನ್ನನ್ನು ಕೇಳಿದ್ದು ಇಷ್ಟೇ: ಅಂಕಲ್, ಗ್ಯಾಸ್ ಅಗ್ಗ ಆಗಬೇಕಾ, ಬೇಡವಾ? ಆಗಬೇಕು ಅಂದೆ. ಹೋಟೆಲಿನವನು ಇನ್ನೇನು ಅನ್ನುತ್ತಾನೆ?

ಆ ಹಾಳೆಯನ್ನು ಅವರು ವೆಂಬ್ಲಿಯಲ್ಲಿ ಹಂಚಲಿಲ್ಲ. ಅಕ್ಸ್‌ಬ್ರಿಜ್ ದಾಟಿ ಬಸ್ಸು ಹಿಡಿಯಬೇಕಾದ ನಿನ್ನ ಊರಿನಲ್ಲಿ, ಮನೆ ಮನೆಗೆ ಹಾಕಿದರು. ಯಾಕೆ ಅಂತ ನನಗೆ ಆಮೇಲೆ ಹೊಳೆಯಿತು. ನಿನ್ನ ಮಗಳು ಸೃಷ್ಟಿಯ ಶಾಲೆಯ ಬೇಸಿಗೆ ಮೇಳದಲ್ಲಿ ವರ್ಷ ವರ್ಷ ದೋಸೆ ಹೊಯ್ಯುವವನು ನಾನು. ಆ ಊರಿನ ಅರ್ಧ ಜನರಿಗೆ ಕೌನ್ಸಿಲರ್ ಯಾರು ಅಂತ ಗೊತ್ತಿಲ್ಲ, ದೋಸೆಯವನು ಯಾರು ಅಂತ ಗೊತ್ತು. ನೀನು ಅದೇ ಬೀದಿಗಳಲ್ಲಿ ಬಾಗಿಲು ಬಡಿದು, ನಮ್ಮ ಹೊಲದಲ್ಲಿ ಕೊರೆಯುವುದು ಬೇಡ ಅನ್ನಿ ಅಂತ ಜನರನ್ನು ಒಪ್ಪಿಸುತ್ತಿರುವುದು ನನಗೆ ತಿಳಿದಿರಲಿಲ್ಲ. ತಿಳಿದದ್ದು ನೀನು ಹೋಟೆಲಿಗೆ ನುಗ್ಗಿ, ತಿನ್ನುತ್ತಿದ್ದವರ ಎದುರೇ ಆ ಹಾಳೆಯನ್ನು ಕೌಂಟರ್ ಮೇಲೆ ಹಾಕಿದಾಗ.

"ನಾ ಹೋಯಿ ಕದ ತಟ್ಟುದ್, ಅವ್ರ್ ಒಳಗಿಂದ ನಿಮ್ಮ್ ಮೋರೆ ತಂದ್ ನಂಗೇ ತೋರ್ಸುದ್. ಮಾವ, ನಾ ಇನ್ನ್ ಯಾವ ಮೋರೆ ಹೊತ್ಕಂಡ್ ಹೋಯ್ಲಿ?"

ಅಂದು ನಾನು ನಕ್ಕೆ. ನಗಬಾರದಿತ್ತು ಅಂತ ಸುಜಾತ ಈಗಲೂ ಹೇಳುತ್ತಾಳೆ. ನಕ್ಕದ್ದು ನಿನ್ನನ್ನು ಕಂಡಲ್ಲ ಮಾರಾಯ್ತಿ, ಬಾಯಿಗೆ ಬೇರೆ ಏನೂ ಬರಲಿಲ್ಲ.

ಇದು ಶುರುವಾದದ್ದು ಸುಧೀರ್ ಎಂಬ ಹುಡುಗನಿಂದ. ಬೆಂಗಳೂರಿನವನು, ಗ್ಯಾಸ್ ಕಂಪನಿಯಲ್ಲಿ ಜನರ ಜೊತೆ ಮಾತಾಡುವುದೇ ಅವನ ಕೆಲಸವಂತೆ. ನೆಲ ಕೊರೆದು ಗ್ಯಾಸ್ ತೆಗೆಯಬಾರದೆಂಬ ನಿಷೇಧವನ್ನು ಸರ್ಕಾರ ತೆಗೆದು ವಾರವಾಗುವ ಮೊದಲೇ ನಮ್ಮ ಹೋಟೆಲಿಗೆ ಬಂದ. ಮಸಾಲೆ ದೋಸೆ ತಿಂದು ಚಟ್ನಿಯನ್ನು ಬೆರಳಲ್ಲಿ ಬಳಿದು, ಇಂಥ ರುಚಿ ಕಂಡು ವರ್ಷಗಳಾದವು ಅಂದ. ಆಮೇಲೆ ಗ್ಯಾಸ್ ಬಿಲ್ಲಿನ ಮಾತೆತ್ತಿದ. ನಿನಗೆ ಗೊತ್ತಿರುವುದೇ, ಯುದ್ಧ ಶುರುವಾದ ಮೇಲೆ ನಮ್ಮ ಗ್ಯಾಸ್ ಬಿಲ್ಲು ಅಂಗಡಿ ಬಾಡಿಗೆಯ ಪಕ್ಕದಲ್ಲಿ ಬಂದು ಕೂತಿದೆ. ಬೆಳಿಗ್ಗೆ ಒಂದೇ ಒಲೆ ಹಚ್ಚುತ್ತೇವೆ. ಇಡ್ಲಿ ಇಳಿದ ಮೇಲೆ ಸಾಂಬಾರು, ಸಾಂಬಾರು ಇಳಿದ ಮೇಲೆ ಪಲ್ಯ. ಸುಧೀರ್ ಹೇಳಿದ: ಕೊರೆಯುವ ಕೆಲಸ ಶುರುವಾದರೆ ಕೆಲಸದವರಿಗೆಲ್ಲ ಎರಡು ಹೊತ್ತಿನ ಊಟ ನೀವೇ ಕೊಡಿ ಅಂಕಲ್, ಕ್ಯಾಂಟೀನ್ ಗುತ್ತಿಗೆ ನಿಮಗೇ. ಅದೊಂದು ಸಿಕ್ಕಿದ್ದರೆ ಹೋಟೆಲು ಉಸಿರು ಬಿಡುತ್ತಿತ್ತು. ಇದನ್ನು ನಿನ್ನಿಂದ ಮುಚ್ಚಿಟ್ಟು ಏನಾಗಬೇಕು.

ಮೊದಲ ಕೆಲಸವಾಗಿ, ನಿನ್ನ ಊರಿನ ಸಭಾಭವನದಲ್ಲಿ ಈ ಶನಿವಾರ ಕಂಪನಿಯವರು ಕೊಡುವ ಊಟದ ಅಡುಗೆಯನ್ನು ನನಗೆ ಹೇಳಿದ. ಊರವರ ಒಪ್ಪಿಗೆ ಇದ್ದರೆ ಮಾತ್ರ ಕೊರೆಯಬಹುದು ಅಂತ ಸರ್ಕಾರ ಹೇಳಿದೆಯಂತೆ, ಆ ಒಪ್ಪಿಗೆಗೇ ಈ ಊಟ. ನಾನೂ ಸುಮ್ಮನೆ ಒಪ್ಪುವ ಆಳಲ್ಲ. ನಮ್ಮ ಕಡೆ ಅಡುಗೆ ಹೇಳಬೇಕಾದರೆ ವೀಳ್ಯ ಕೊಟ್ಟು ಹೇಳಬೇಕು, ಇಮೇಲಿಗೆಲ್ಲ ನಾನು ಒಲೆ ಹಚ್ಚುವುದಿಲ್ಲ ಅಂದೆ. ಪಾಪ ಆ ಹುಡುಗ ಈಲಿಂಗ್ ರೋಡಿಗೆ ಹೋಗಿ, ಪಾನ್ ಅಂಗಡಿಯಲ್ಲಿ ಎಲೆ ಅಡಿಕೆ ಕೊಂಡು, ಸ್ಟೀಲ್ ತಟ್ಟೆಯಲ್ಲಿ ಮುಂಗಡದ ಜೊತೆ ಇಟ್ಟು ಎರಡೂ ಕೈಯಲ್ಲಿ ಕೊಟ್ಟ. ತೆಗೆದುಕೊಂಡೆ. ಬಾಯಿ ಕೆಂಪಾಗುವಷ್ಟು ತಿಂದೆ ಕೂಡ.

ನೀನು ಅಂದು ಹೇಳಿದ್ದು ಆ ಅಡುಗೆ ಬಿಟ್ಟುಬಿಡಿ ಅಂತ. ಅದೊಂದು ನನ್ನಿಂದ ಆಗದು. ವೀಳ್ಯ ತೆಗೆದುಕೊಂಡ ಅಡುಗೆಯವನು, ಸತ್ತ ಮನೆಯ ಸೂತಕ ಬಂದರೂ ಬದಲಿ ಆಳನ್ನು ಕಳಿಸಿ ಊಟ ನಡೆಸಿಕೊಡಬೇಕು. ನಿನ್ನ ಅಜ್ಜಯ್ಯ ಹಾಗೇ ಬದುಕಿದವರು. ಆದರೆ ಇದರ ಮುಂದಿನ ಮಾತು ಇದೆ, ಕಾಗದ ಎತ್ತಿ ಬಿಸಾಡಬೇಡ.

ಭಾನುವಾರ ಕಂಪನಿಯವರು ನಮ್ಮಂಥ ಹೋಟೆಲಿನವರನ್ನೆಲ್ಲ ಕೋಚ್ ಬಸ್ಸಿನಲ್ಲಿ ಕೂರಿಸಿ ಉತ್ತರದ ಕಡೆಯ ಒಂದು ಊರಿಗೆ ಕರೆದೊಯ್ದರು. ಕೆಲವು ವರ್ಷಗಳ ಹಿಂದೆ ಬೇರೆ ಯಾವುದೋ ಕಂಪನಿ ಅಲ್ಲಿ ಕೊರೆದಿತ್ತಂತೆ. ಬೇಲಿ ಹಾಕಿದ ಒಂದು ಹೊಲ, ಅದರೊಳಗೆ ನೆಲದಿಂದ ಎದ್ದ ಒಂದು ಕಬ್ಬಿಣದ ಮೂತಿ. ಕಾಣಿ, ಎಷ್ಟು ಸಣ್ಣ ಜಾಗ ಸಾಕು, ದನಗಳು ಪಕ್ಕದಲ್ಲೇ ಮೇಯುತ್ತಿವೆ ಅಂತ ತೋರಿಸಿದರು. ಉಳಿದವರು ಫೋಟೋ ಹೊಡೆದುಕೊಂಡರು. ನನಗೆ ಚಹಾ ಬೇಕಿತ್ತು. ರಸ್ತೆ ದಾಟಿ ಒಂದು ಸಣ್ಣ ಕೆಫೆಗೆ ಹೋದೆ.

ಕೆಫೆಯ ಹೆಂಗಸಿಗೆ ನನ್ನಷ್ಟೇ ವಯಸ್ಸು. ನಾನೂ ಹೋಟೆಲಿನವನು ಅಂದ ಕೂಡಲೇ ಚಹಾದ ಜೊತೆ ಕೇಕು ಪುಕ್ಕಟೆ ಬಂತು. ಮಾತಿಗೆ ಕೂತಳು. ಕೊರೆಯುವವರು ಬಂದ ಬೇಸಿಗೆಯಲ್ಲಿ ಅವಳ ಕೆಫೆಯಲ್ಲಿ ನಿಲ್ಲಲು ಜಾಗವಿರಲಿಲ್ಲವಂತೆ. ಕೆಲಸದವರು, ಪೊಲೀಸರು, ವಿರೋಧ ಮಾಡುವವರು, ಎಲ್ಲರೂ ಇವಳಲ್ಲೇ ತಿಂದರಂತೆ. ಅದನ್ನು ನಂಬಿ ಹಿಂದಿನ ಗೋಡೆ ಒಡೆಸಿ ಅಡುಗೆಮನೆ ದೊಡ್ಡದು ಮಾಡಿದಳು, ದೊಡ್ಡ ಒಲೆ ತಂದಳು. ಆಮೇಲೆ ಒಂದು ಬೆಳಿಗ್ಗೆ ಶೆಲ್ಫಿನ ಕಪ್ಪುಗಳು ತಾವಾಗಿ ಕಿಣಿಕಿಣಿ ಅಂದವಂತೆ. ನೆಲ ನಡುಗಿದ್ದು. ಮತ್ತೆ ಇನ್ನೊಂದು ದಿನ, ಅದಕ್ಕಿಂತ ಜೋರು. ಕೆಲಸ ನಿಂತಿತು, ಕಂಪನಿ ಹೋಯಿತು, ತಿನ್ನುವವರೂ ಹೋದರು. ಪೇಟೆಯವರು ವಾರದ ಕೊನೆಗೆ ಬಂದು ಉಳಿಯುತ್ತಿದ್ದ ಮನೆಗಳಿಗೆ ಆ ಗಲಾಟೆಯ ವರ್ಷದಲ್ಲೇ ಜನ ತಪ್ಪಿದ್ದರು, ಅವರೂ ತಿರುಗಿ ಬರಲಿಲ್ಲ.

ಆ ದೊಡ್ಡ ಒಲೆಯನ್ನು ತೋರಿಸಿದಳು. ಅದರ ಮೇಲೆ ಹೂವಿನ ಕುಂಡಗಳನ್ನು ಇಟ್ಟಿದ್ದಾಳೆ. ಹಚ್ಚದ ಒಲೆ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಾಪಸು ಬರುವಾಗ ಸುಧೀರನ ಪಕ್ಕ ಕೂತು ಕೇಳಿದೆ: ಆ ಹೊಲದ ಗ್ಯಾಸ್ ನನ್ನ ಒಲೆಗೆ ಎಷ್ಟು ಅಗ್ಗಕ್ಕೆ ಬರುತ್ತದೆ? ಅವನು ಕೊಳವೆ ಜಾಲ, ಮಾರುಕಟ್ಟೆ, ಯುರೋಪು ಅಂತ ಊರೆಲ್ಲ ಸುತ್ತಿಸಿದ. ನಾನು ಬಿಡಲಿಲ್ಲ. ನನ್ನ ಬಿಲ್ಲು ಕಡಿಮೆ ಆಗುತ್ತದೋ ಇಲ್ಲವೋ, ಅಷ್ಟು ಹೇಳು ಅಂದೆ. ಕಡೆಗೆ ಕಿಟಕಿಯ ಕಡೆ ತಿರುಗಿ, ಮೆಲ್ಲಗೆ ಹೇಳಿದ.

"ಇಲ್ಲ ಅಂಕಲ್. ಬೆಲೆ ಮಾರ್ಕೆಟ್ಟಿಂದೇ ಇರುತ್ತೆ."

ಆಗ ನನಗೆ ಗಂಗೊಳ್ಳಿ ಬಂದರು ಕಣ್ಣಿಗೆ ಕಟ್ಟಿತು. ನಮ್ಮ ಕಣ್ಣೆದುರೇ ದೋಣಿಯಿಂದ ಇಳಿಯುವ ಅಂಜಲ್ ಮೀನು. ಆದರೆ ಬೆಲೆ ಹೊರಗಿನ ಪೇಟೆಯದು. ಮಂಜುಗಡ್ಡೆ ಹಾಕಿ ಲಾರಿ ಹತ್ತಿಸಿದರು ಅಂದರೆ, ಬಂದರಿನ ಬಾಗಿಲಲ್ಲಿ ಮನೆ ಇರುವ ನಾವು ಅಗ್ಗದ ಬೂತಾಯಿ ಮೀನು ತಿನ್ನುವುದು. ನಮಗೆ ಉಳಿಯುತ್ತಿದ್ದದ್ದು ವಾಸನೆ. ಈ ಹೊಲದ ಕತೆಯೂ ಅದೇ. ಗ್ಯಾಸ್ ಪೇಟೆಯದು, ಲಾಭ ಕಂಪನಿಯದು, ಬಿಲ್ಲು ನನ್ನದು, ನೆಲ ನಿನ್ನದು.

ನೀನು ಹೋಟೆಲಿನಲ್ಲಿ ಕೂಗಿ ಹೇಳಿದ್ದೆಲ್ಲ ಆಮೇಲೆ ಒಂದೊಂದಾಗಿ ನೆನಪಾಯಿತು. ಆಳಕ್ಕೆ ಕೊರೆದು, ಅಲ್ಲಿಂದ ಅಡ್ಡ ತಿರುಗಿಸಿ, ನೀರು ಮರಳು ರಾಸಾಯನಿಕ ಕಲಸಿ ಒತ್ತಡದಲ್ಲಿ ನುಗ್ಗಿಸಿ ಬಂಡೆ ಸೀಳುತ್ತಾರೆ. ಬಿರುಕು ಮುಚ್ಚಿಕೊಳ್ಳದಂತೆ ಮರಳು ಹಿಡಿದು ನಿಲ್ಲುತ್ತದೆ, ಗ್ಯಾಸ್ ಮೇಲೆ ಬರುತ್ತದೆ. ಹೋದ ನೀರಿನಲ್ಲೂ ಒಂದಿಷ್ಟು ಉಪ್ಪಾಗಿ, ಕೊಳೆಯಾಗಿ ತಿರುಗಿ ಬರುತ್ತದೆ, ಅದನ್ನು ಟ್ಯಾಂಕರಿನಲ್ಲಿ ತುಂಬಿ ಸಾಗಿಸಬೇಕು. ಆ ಟ್ಯಾಂಕರು ಹೋಗಲು ಇರುವುದು ಸೃಷ್ಟಿ ಶಾಲೆಗೆ ನಡೆಯುವ ಆ ಒಂದೇ ಸಪೂರ ರಸ್ತೆ. ನಿಮ್ಮ ನಲ್ಲಿಗೆ ಬರುವ ನೀರು ಅಲ್ಲಿನ ಸುಣ್ಣದ ಕಲ್ಲಿನೊಳಗಿಂದ ಬರುವುದು. ಒಮ್ಮೆ ಕೆಟ್ಟರೆ ತೊಳೆಯಲು ಅದೇನು ಪಾತ್ರೆಯಲ್ಲ. ಕೊಳವೆಗೆ ಉಕ್ಕು, ಸಿಮೆಂಟಿನ ಕವಚ ಇದೆ, ಸೋರುವುದಿಲ್ಲ ಅಂತ ಸುಧೀರ್ ಹೇಳಿದ. ನಮ್ಮ ಅಂಗಡಿಯ ಪ್ಲಂಬರೂ ಹಾಗೇ ಹೇಳಿದ್ದ.

ನಲ್ಲಿ ನೀರಿಗೆ ಬೆಂಕಿ ಹತ್ತಿದ ಕತೆಯನ್ನು ಬಣ್ಣ ಕಟ್ಟಿ ಹೇಳಬೇಕೆಂಬ ಆಸೆ ನನಗೆ ಬಹಳ ಇತ್ತು. ಅದು ಅಮೆರಿಕದ ಮಾತು, ಇಲ್ಲಿ ಆದದ್ದಲ್ಲ, ಹೇಳಿದರೆ ನೀನೇ ಮೊದಲು ಬೈಯುತ್ತೀ. ಬಿಟ್ಟಿದ್ದೇನೆ. ಕಂಡದ್ದು, ಕೇಳಿದ್ದು ಮಾತ್ರ ಹೇಳುತ್ತೇನೆ. ಇಷ್ಟು ಸತ್ಯವನ್ನು ಒಟ್ಟಿಗೆ ಹೇಳಿ ನನಗೂ ಅಭ್ಯಾಸವಿಲ್ಲ.

ಈಗ ಕೆಲಸದ ಮಾತು. ಶನಿವಾರ ನಾನು ಅಡುಗೆ ಮಾಡುತ್ತೇನೆ. ಅದೂ ಸಾಧಾರಣ ಅಡುಗೆಯಲ್ಲ. ಬಾಳೆ ಎಲೆ ಹಾಕಿ, ಎಲ್ಲರನ್ನೂ ಸಾಲಾಗಿ ಕೂರಿಸಿ ಬಡಿಸುತ್ತೇನೆ. ಕೋಸಂಬರಿ, ಪಲ್ಯ, ಗುಳ್ಳ ಬದನೆಯ ಹುಳಿ, ಸಾರು. ಸಾರು ಮುಗಿದು ಪಾಯಸಕ್ಕೆ ಮುಂಚೆ ಪಂಕ್ತಿಯ ನಡುವೆ ನಿಂತು ಮಾತಾಡುತ್ತೇನೆ. ಪಾಯಸದ ಪರಿಮಳ ಬಂದ ಮೇಲೆ ಯಾವ ದೇಶದವನೂ ಎಲೆ ಬಿಟ್ಟು ಏಳುವುದಿಲ್ಲ. ಈ ಹಾಳೆಯಲ್ಲಿ ಇರುವ ಮುಖ ನನ್ನದು, ಕೆಳಗಿನ ಮಾತು ನನ್ನದಲ್ಲ ಅಂತ ಮೊದಲು ಹೇಳುತ್ತೇನೆ. ಆಮೇಲೆ ಆ ಹೆಂಗಸಿನ ಒಲೆಯ ವಿಷಯ. ಆಮೇಲೆ ಗಂಗೊಳ್ಳಿಯ ಮೀನು. ವೀಳ್ಯ ತೆಗೆದುಕೊಂಡದ್ದು ಅಡುಗೆಗೆ, ಅಡುಗೆ ಪೂರ್ತಿ ಸಲ್ಲುತ್ತದೆ. ಅವರ ಎಲೆಗೆ ಒಂದು ಹಪ್ಪಳವೂ ಕಡಿಮೆಯಾಗದು. ನಾಲಿಗೆಯನ್ನು ನಾನು ಯಾರಿಗೂ ಗುತ್ತಿಗೆ ಕೊಟ್ಟಿಲ್ಲ.

ನೀನು ಮಾಡಬೇಕಾದದ್ದು ಒಂದೇ. ನನ್ನ ಪಕ್ಕ ಬಂದು ನಿಲ್ಲಬೇಕು. ನನ್ನ ಇಂಗ್ಲಿಷು ಚೆನ್ನಾಗಿಯೇ ಇದೆ, ಗಿರಾಕಿಗಳು ಹೊಗಳುತ್ತಾರೆ. ಆದರೆ ಅದು ಮೆನುವಿನಷ್ಟೇ ಉದ್ದ. ಅದು ಮುಗಿದಲ್ಲಿ ನಾನು ಕನ್ನಡದಲ್ಲಿ ಹೇಳುತ್ತೇನೆ, ನೀನು ತಿರುಗಿಸಿ ಹೇಳು. ಅಂಜಲ್ ಮೀನಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನಿನ್ನ ಗಂಡ ಅನೀಶನನ್ನು ಕೇಳಿಟ್ಟುಕೋ. ಜನ ಒಪ್ಪುತ್ತಾರೋ ಬಿಡುತ್ತಾರೋ ನನಗೆ ಗೊತ್ತಿಲ್ಲ. ಆದರೆ ಇನ್ನು ಮೇಲೆ ನೀನು ಕದ ತಟ್ಟಿದರೆ ಒಳಗಿಂದ ನನ್ನ ಮೋರೆ ನಿನಗೆ ಅಡ್ಡ ಬರಬಾರದು. ಶನಿವಾರವಾದ ಮೇಲೂ ಉಳಿದ ಮನೆಗಳಿಗೆ ನಿನ್ನ ಜೊತೆ ನಾನೇ ಬರುತ್ತೇನೆ, ಸಂಜೆಗಳಲ್ಲಿ ಬಿಡುವಿದೆ. ಮೊಣಕಾಲು ಹಿಡಿದರೆ ಹಿಡಿಯಲಿ.

ಹೋಟೆಲಿನ ಚಿಂತೆ ನಿನಗೆ ಬೇಡ. ಅದು ನನ್ನ ತಲೆಬಿಸಿ. ಇವತ್ತೂ ಮಧ್ಯಾಹ್ನ ಜನ ಬಂದಿದ್ದರು. ಸುಜಾತ ಪಕ್ಕದಲ್ಲೇ ನಿಂತು ಇದನ್ನು ಓದುತ್ತಿದ್ದಾಳೆ. ಎಷ್ಟು ಜನ ಅಂತಲೂ ಬರೆಯಿರಿ ಅನ್ನುತ್ತಿದ್ದಾಳೆ. ಹೆಂಗಸರಿಗೆ ಪರರ ಕಾಗದ ಓದುವ ಚಟ.

ಸೃಷ್ಟಿಗೆ ಮುತ್ತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಭಾಭವನದ ಹಿಂಬಾಗಿಲಿಗೆ ಬಾ, ತೆಂಗಿನಕಾಯಿ ತುರಿಯಲು ಕೈ ಬೇಕು. ಸಿಟ್ಟು ಇದ್ದರೆ ಇರಲಿ, ಸಿಟ್ಟಿನಲ್ಲಿ ತುರಿದ ಕಾಯಿ ನುಣ್ಣಗಾಗುತ್ತದೆ.

ಇಂತು, ನಿನ್ನ ಬೈಗುಳಕ್ಕೆ ಸದಾ ಹಕ್ಕುದಾರನಾದ
ದೇವದಾಸ ಮಾವ

ಮರೆತ ಮಾತು: ಕದ್ದು ಮಾಡುವುದು ನನಗೆ ಸರಿ ಕಾಣಲಿಲ್ಲ. ಇವತ್ತು ಬೆಳಿಗ್ಗೆಯೇ ಸುಧೀರನಿಗೆ ಫೋನ್ ಮಾಡಿ, ಶನಿವಾರ ಏನು ಹೇಳುತ್ತೇನೆ ಅಂತ ಪೂರ್ತಿ ಹೇಳಿಬಿಟ್ಟೆ. ನನ್ನ ಹೆಸರು ಹಾಕಿ ಊರೆಲ್ಲ ಕರೆಯೋಲೆ ಹಂಚಿ ಆಗಿದೆ, ಈಗ ಅಡುಗೆಯವನನ್ನು ಬದಲಿಸಲು ಅವರಿಂದ ಆಗದು. ಕ್ಯಾಂಟೀನ್ ಗುತ್ತಿಗೆ ಮಾತ್ರ ಆ ಫೋನಿನಲ್ಲೇ ಹೋಯಿತು. ಅದಾದ ಮೇಲೆ ಅಂಗಡಿ ಬಾಡಿಗೆಗೆ ಕೊಟ್ಟ ಯಜಮಾನರಿಗೂ ಹೇಳಿ ಬಂದೆ, ಡಿಸೆಂಬರ್ ಕೊನೆಗೆ ಬೀಗದ ಕೈ ಕೊಡುತ್ತೇವೆ. ನೀನು ಅಳುವ ಅಗತ್ಯವಿಲ್ಲ. ಫೆಲ್ಥಮ್‌ನಲ್ಲಿ ವಿಮಾನಗಳಿಗೆ ಊಟ ಕಟ್ಟುವ ಒಂದು ಅಡುಗೆಮನೆಯಲ್ಲಿ ಜನವರಿಯಿಂದ ನನಗೆ ಕೆಲಸ. ಆಕಾಶದಲ್ಲಿ ಹೋಗುವವರಿಗೆ ಉಣ್ಣಲು ಹಾಕುವ ಇನ್ನೊಬ್ಬನನ್ನು ಗಂಗೊಳ್ಳಿಯಲ್ಲಿ ಹುಡುಕಿ ತೋರಿಸು, ಕಾಣುತ್ತೇನೆ.