ಗಟ್ಟಿಮೇಳದ ಹೊತ್ತಿನ ಫೋಟೋ

ಪೆರಂಬೂರು, ಚೆನ್ನೈ
೨೬ ಮೇ ೨೦೨೫

ಪ್ರೀತಿಯ ನಾಗರತ್ನಕ್ಕನಿಗೆ,

ಸೊಂಟದ ನೋವು ಹೇಗಿದೆ? ಬಿದ್ದು ಎರಡು ತಿಂಗಳಾಯಿತು. ಕೋಲು ಹಿಡಿದು ಜಗಲಿಯವರೆಗಾದರೂ ನಡೆಯುತ್ತಿದ್ದೀಯಾ, ಇಲ್ಲ ಹಟ ಮಾಡಿ ಕೋಲನ್ನೇ ಮೂಲೆಗೆ ಎಸೆದಿದ್ದೀಯಾ? ನಾವೆಲ್ಲ ಕ್ಷೇಮ. ಇಲ್ಲಿಯವರು ಕತ್ತಿರಿ ವೆಯಿಲ್ ಅನ್ನುವ ಬಿಸಿಲು ಇನ್ನೂ ಇಳಿದಿಲ್ಲ.

ನಿನ್ನ ಕಾಗದ ಬಂತು. "ನೇಹಾ ಮದುವೇದು ಒಂದು ಫೋಟೋನೂ ಬರ್ಲಿಲ್ಲ, ನಾನಿಲ್ಲ ಅಂತ ಯಾರ್ಗೂ ಅನ್ನಿಸ್ಲೇ ಇಲ್ವೇನೋ" ಎಂದು ಬರೆದಿದ್ದೀಯ. ಓದಿ ಸಂಕಟವಾಯಿತು, ಕೋಪವೂ ಬಂತು. ಫೋಟೋಗೇನು ಬರವೇ ಅಕ್ಕ? ನನ್ನ ಮೊಮ್ಮಗಳ ಮದುವೆಗೆ ಬಂದವರು ಇನ್ನೂರು ಜನ, ಫೋನು ಇನ್ನೂರೈವತ್ತು. ಎಲೆಗೆ ಬಿದ್ದ ಹೋಳಿಗೆಗೂ ಮೊದಲು ಫೋಟೋ, ಆಮೇಲೆ ತುಪ್ಪ. ಬಡಿಸುವವನು ಮಿಳ್ಳೆ ಹಿಡಿದು ಕಾಯುತ್ತಾ ನಿಂತಿದ್ದ. ಅಕ್ಕನಿಗೆ ಕಳಿಸಬೇಕು, ಒಂದು ಕೊಡಿ ಎಂದರೆ "ಗ್ರೂಪ್‌ನಲ್ಲಿ ಹಾಕಿದೀವಲ್ಲ" ಅನ್ನುತ್ತಾರೆ. ಗ್ರೂಪನ್ನು ಲಕೋಟೆಗೆ ತುಂಬಿ ಅಂಚೆಗೆ ಹಾಕಲೇ? ಮೂರು ವಾರದಿಂದ ಕೇಳುತ್ತಿದ್ದೇನೆ, ಒಬ್ಬರೂ ಒಂದನ್ನೂ ಪ್ರಿಂಟ್ ಹಾಕಿಸಿಲ್ಲ. ನಿನ್ನ ಮದುವೆಯ ಹನ್ನೆರಡು ಫೋಟೋಗಳನ್ನು ಐವತ್ತು ವರ್ಷದಿಂದ ನೋಡುತ್ತಿದ್ದೇವೆ. ಇವರ ನಾಲ್ಕು ಸಾವಿರವನ್ನು ತೆಗೆದವರೇ ತಿರುಗಿ ನೋಡಿಲ್ಲ.

ಗಟ್ಟಿಮೇಳದ ಕಥೆ ಕೇಳು. ನಮ್ಮ ಮನೆಯ ಯಾವ ಮದುವೆಯಲ್ಲೂ ಅಕ್ಷತೆ ತಟ್ಟೆ ಹಿಡಿದು ಸಾಲುಸಾಲಿಗೂ ಹಂಚುತ್ತಿದ್ದವಳು ನೀನು. ಈ ಸಲ ಹಂಚುವವರಿಲ್ಲದೆ ತಟ್ಟೆ ನನ್ನ ಹಿಂದಿನ ಕುರ್ಚಿಯ ಮೇಲೆ ಕೂತಿತ್ತು. ಪುರೋಹಿತರು "ಗಟ್ಟಿಮೇಳ" ಎಂದರು, ಎಲ್ಲರ ಕೈಗಳೂ ಮೇಲೆದ್ದವು, ಎಲ್ಲ ಕೈಯಲ್ಲೂ ಫೋನು. ನೇಹಾಳ ತಲೆಯ ಮೇಲೆ ನಾಲ್ಕು ಕಾಳು ಬಿದ್ದಿದ್ದರೆ ಅದು ಪುರೋಹಿತರೇ ಹಾಕಿದ್ದು. "ಫೋನು ಆಶೀರ್ವಾದ ಮಾಡಲ್ಲಮ್ಮ, ಅಕ್ಷತೆ ಹಾಕಿ" ಎಂದು ಅವರು ಗದರಿದರು. ನನಗೆ ನಾಚಿಕೆಯಾಯಿತು, ಏಕೆಂದರೆ ಬೇಡಬೇಡವೆಂದರೂ ಮಗ ರವಿಕಿರಣ್ ಕೊಡಿಸಿದ ಫೋನು ನನ್ನ ಕೈಯಲ್ಲೂ ಇತ್ತು. ನೇಹಾಳ ತಂಗಿ ಶ್ರೀಯಾ "ಪಾಟ್ಟಿ, ಸುಮ್ಮಾ ಅಮುಕ್ಕುಂಗ" ಎಂದು ಅದನ್ನು ತೆರೆದು ಕೈಗಿತ್ತಿದ್ದಳು. ಸುಮ್ಮನೆ ಒತ್ತಿ ಅಜ್ಜಿ ಎಂದಳಲ್ಲ, ಒತ್ತಿದೆ. ಕನ್ನಡಕ ತೆಗೆದು ಮಡಿಲಲ್ಲಿಟ್ಟಿದ್ದರಿಂದ ಏನೂ ಕಾಣಲಿಲ್ಲ. ಆಮೇಲೆ ನೋಡಿದರೆ ಮೂವತ್ತೊಂದು ಫೋಟೋ, ಮೂವತ್ತೊಂದರಲ್ಲೂ ನನ್ನದೇ ಮುಖ. ಮನೆಯವರೆಲ್ಲ ಮೂರು ದಿನ ನಕ್ಕರು.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಸೊಸೆ ಕೌಸಲ್ಯಾಳಿಗೆ ಆಶೀರ್ವಾದ. ಕೋಲು ಬಿಡಬೇಡ.

ನಿನ್ನ ತಂಗಿ,
ಪ್ರೇಮ

ವಿ.ಸೂ.: ಇವರನ್ನು ಕೇಳಿ ಸಾಕಾಗಿ, ಬೆಳಿಗ್ಗೆ ನಾನೇ ಸ್ಟುಡಿಯೋಗೆ ಹೋಗಿ ಒಂದು ಪ್ರಿಂಟ್ ಹಾಕಿಸಿದೆ, ಇದರೊಳಗಿದೆ. ಇದರಲ್ಲಿ ಮದುಮಕ್ಕಳಿಲ್ಲ. ನಾನಿದ್ದೇನೆ, ನನ್ನ ಹಿಂದೆ ಕುರ್ಚಿಯ ಮೇಲೆ ಅಕ್ಷತೆ ತಟ್ಟೆ ಇದೆ. ತಾಳಿ ಕಟ್ಟುವ ಹೊತ್ತಿನಲ್ಲಿ ಅಜ್ಜಿ ಕನ್ನಡಕ ತೆಗೆದು ಹೀಗೇಕೆ ಅಳುತ್ತಿದ್ದಳು ಎಂದು ಇಲ್ಲಿ ಯಾರೂ ಕೇಳಲಿಲ್ಲ. ನೀನು ನೋಡು. ನೋಡಿದ ಮೇಲೂ ನಿನ್ನನ್ನು ಯಾರೂ ನೆನೆಯಲಿಲ್ಲ ಎಂದು ಬರೆ, ನೋಡೋಣ.