ಮೀನು ಬಿಟ್ಟ ಅಕ್ಕನಿಗೆ

ಸಲ್ವಾ, ಕುವೈತ್

ಪ್ರೀತಿಯ ಅಕ್ಕಾ,

ಫೋನಿನಲ್ಲಿ ಹೇಳಲು ಮೂರು ಸಲ ಬಾಯಿ ತೆರೆದೆ, ಆಗಲಿಲ್ಲ. ಊರಿಗೆ ಹೊರಟಿರುವ, ನಮ್ಮ ಕ್ಲಿನಿಕ್ಕಿನ ಕೊನ್ರಾಡ್‌ನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಈ ವರ್ಷ ರಜೆ ಸಿಗಲಿಲ್ಲ ಎಂದದ್ದು ಸುಳ್ಳು. ಸಿಕ್ಕಿತ್ತು, ಹದಿನೆಂಟು ದಿನ. ಆ ಹದಿನೆಂಟು ದಿನ ನಾನು ಹಲ್ಲಿನ ಕ್ಲಿನಿಕ್ಕಿನ ಕೌಂಟರಿನಲ್ಲಿ ಇರಲಿಲ್ಲ. ಆಫ್ರಿಕಾದ ಬದಿಯಲ್ಲಿರುವ ಕೊಮೊರೊಸ್ ಎಂಬ ದ್ವೀಪಗಳ ದೇಶದಲ್ಲಿದ್ದೆ. ಒಬ್ಬಳೇ.

ಕೂತುಕೋ, ಒಂದು ಲೋಟ ನೀರು ಕುಡಿ, ಆಮೇಲೆ ಮುಂದೆ ಓದು.

ಹತ್ತೊಂಬತ್ತು ವರ್ಷದಿಂದ ನನ್ನ ವಿಮಾನ ಇಳಿಯುವ ಮೊದಲೇ ನಿನ್ನ ಪಟ್ಟಿ ತಯಾರಿರುತ್ತದೆ. ಸೋಮವಾರ ಯಾರದೋ ಹೊಸ ಮನೆ ಒಕ್ಕಲು, ಬುಧವಾರ ಭೂತದ ಕೋಲ, ದೇಜಪ್ಪ ಮಾವನ ಮನೆಯಲ್ಲಿ ಊಟ, ನಡುವೆ ಹೆಂಡತಿ ತೀರಿಕೊಂಡ ಯಾರೋ ಒಬ್ಬರು ನನ್ನನ್ನು 'ಸುಮ್ಮನೆ ನೋಡಿಕೊಂಡು ಹೋಗಲು' ಬರುವುದು. ಇಲ್ಲಿಯೂ ಅಷ್ಟೆ. ರೂಮಿನಿಂದ ಕ್ಲಿನಿಕ್, ಕ್ಲಿನಿಕ್ಕಿನಿಂದ ರೂಮು. ಶುಕ್ರವಾರ ಎಗೈಲಾದ ಮಾಲಿನಲ್ಲಿ ಏನೂ ಕೊಳ್ಳದೆ ಈ ತುದಿಯಿಂದ ಆ ತುದಿಗೆ ಕಾಲು ನೋಯುವಷ್ಟು ನಡೆಯುತ್ತೇನೆ. ನನಗೆ ಯಾರೂ ಕಾಯದ, ಯಾರೂ ಪಟ್ಟಿ ಮಾಡದ ಒಂದು ಊರು ಬೇಕಿತ್ತು ಅಕ್ಕಾ.

ಟಿಕೆಟ್ ಕೈಯಲ್ಲಿ ಹಿಡಿದುಕೊಂಡೇ ನಿನಗೆ ಸುಳ್ಳು ಹೇಳಿದೆ. ನೀನು ಏನೆಂದೆ, ನೆನಪಿದೆಯಾ? "ಎಂತ ಮಾರಾಯ್ತಿ, ನಾಲ್ಕು ದಿನ ಸಹ ಕೊಡ್ಲಿಕ್ಕಾಗುದಿಲ್ವಾ ಅವರಿಗೆ? ಕೊರಗಜ್ಜನಿಗೆ ಚಕ್ಕುಲಿ ಹರಕೆ ಹೇಳಿ ಆಯ್ತು. ನಿನಗೆ ರಜೆ ಸಿಗುವವರೆಗೆ ನಾನು ಮೀನು ಮುಟ್ಟುದಿಲ್ಲ." ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ತಾಜಾ ಬಂಗುಡೆ ಬರುವ ಹೊತ್ತು ಅದು. ಆಗಲೇ ಹೇಳಬಹುದಿತ್ತು. ಹೇಳದೆ ಹೊರಟೆ.

ಅಲ್ಲಿಗೆ ಹೋಗುವ ನಾಲ್ಕು ಜನ ಆಮೆ ನೋಡಲು ಕಡಲ ಬದಿಯಲ್ಲೇ ಉಳಿಯುತ್ತಾರೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸಣ್ಣ ದೋಣಿಯಲ್ಲಿ ಮೊಹೆಲಿ ಎಂಬ ದ್ವೀಪಕ್ಕೆ ದಾಟಿ, ಪಿಕಪ್ಪಿನಲ್ಲಿ ಲವಂಗದ ಮೂಟೆಗಳ ಮೇಲೆ ಕೂತು, ರಸ್ತೆ ಮುಗಿಯುವ ಹಳ್ಳಿಯವರೆಗೂ ಹೋದೆ. ಮರಿಯಾಮಾ ಎಂಬ ಅಜ್ಜಿ ತನ್ನ ಮನೆಯಲ್ಲಿ ಒಂದು ಕೋಣೆ ಕೊಟ್ಟಳು. ಅವಳಿಗೆ ಸ್ವಲ್ಪ ಅರಬಿ ಬರುತ್ತಿತ್ತು. ನನ್ನ ಅರಬಿ ನಿನಗೆ ಗೊತ್ತಲ್ಲ, ಹಲ್ಲುನೋವಿನವರಿಗೆ ಹೇಳುವಷ್ಟೇ: ಕೂತುಕೊಳ್ಳಿ, ತಾಳಿ, ಬುಕ್ರಾ ಬನ್ನಿ, ಅಂದರೆ ನಾಳೆ ಬನ್ನಿ. ಮರಳುವಾಗ ದೋಣಿಯವನು ಅದನ್ನೇ ನನಗೆ ಮೂರು ದಿನ ಹೇಳಿದ. ಬುಕ್ರಾ, ಬುಕ್ರಾ. ನಾನು ದಡದಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದೆ.

ಮೊದಲ ದಿನವೇ ಮರಿಯಾಮಾ ಹುರಿದ ಜೀಗುಜ್ಜೆ ತಂದಿಟ್ಟಳು, ನಮ್ಮ ಹಿತ್ತಿಲ ಮರದಲ್ಲಿ ಬಿಡುವಂಥದೇ ಕಾಯಿ. ಪಕ್ಕದಲ್ಲಿ ಸುಟ್ಟ ಮೀನು. ನಿನ್ನ ಮುಖ ನೆನಪಾಗಿ ಮೀನನ್ನು ಬದಿಗೆ ಸರಿಸಿದೆ. ಅವಳ ಮುಖ ಸಣ್ಣದಾಯಿತು. ನಿನ್ನ ಹರಕೆಯನ್ನು ನನ್ನ ಅರಬಿಯಲ್ಲಿ ಹೇಗೆ ವಿವರಿಸುವುದು? ಮರುದಿನ ತಿಂದೆ ಅಕ್ಕಾ, ಮೂರು ತುಂಡು. ರುಚಿಯಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಕೈಗೆ ನೀರು ಹಾಕುತ್ತಾ ಅವಳು ಕೇಳಿದಳು, "ನೀನು ಇಲ್ಲಿರುವುದು ಮನೆಯವರಿಗೆ ಗೊತ್ತಾ?" ನಾನು "ಬುಕ್ರಾ" ಎಂದು ನಕ್ಕೆ. ಅವಳು ನಗಲಿಲ್ಲ.

ಕುವೈತಿಗೆ ಮರಳಿ ಬಂದು ಹತ್ತು ದಿನವಾಯಿತು. ನಿನ್ನೆ ಭಾವ ಫೋನಿನಲ್ಲಿ, "ಮೀನಿನವಳು ಕೂಗಿದ್ರೆ ನಿನ್ನ ಅಕ್ಕ ಒಳಗೆ ಹೋಗಿ ಬಾಗಿಲು ಹಾಕ್ತಾಳೆ ಮಾರಾಯ್ತಿ, ವಾಸನೆ ಬಂದ್ರೆ ಆಸೆ ಆಗ್ತದಂತೆ" ಎಂದರು. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಹೋದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮನಸ್ಸು ಎಳೆದರೆ ಇನ್ನೊಮ್ಮೆಯೂ ಹೋಗುತ್ತೇನೆ, ನಿನಗೆ ಹೇಳಿಯೇ. ಆದರೆ ಆಗಲೇ ಸಿಕ್ಕಿದ್ದ ರಜೆಗಾಗಿ ನೀನು ಕೊರಗಜ್ಜನ ಮುಂದೆ ಚಕ್ಕುಲಿ ಹರಕೆ ಹೇಳಿ ನಿಂತೆಯಲ್ಲ, ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಅಜ್ಜನಿಗೆ ಗೊತ್ತಿತ್ತು. ನಿನಗೆ ಮಾತ್ರ ಗೊತ್ತಿರಲಿಲ್ಲ.

ನಿನ್ನ ಹರಕೆ ಸಂದಿದೆ. ಇನ್ನು ಮೀನಿನವಳು ಕೂಗಿದರೆ ಒಳಗೆ ಹೋಗಬೇಡ. ಬಂಗುಡೆ ಪುಳಿಮುಂಚಿ ಮಾಡು, ಹೊಟ್ಟೆ ತುಂಬ ತಿನ್ನು. ಕೈ ತೊಳೆದ ಮೇಲೆ ಫೋನ್ ಮಾಡಿ ಬೈ. ನಾನು ಎತ್ತುತ್ತೇನೆ.

ಅಜ್ಜ ನಿನ್ನನ್ನು ಚೆನ್ನಾಗಿಡಲಿ, ನನ್ನನ್ನು ಕ್ಷಮಿಸಲಿ.

ನಿನ್ನ ಬೈಗುಳಕ್ಕೆ ಕಾದಿರುವ ತಂಗಿ,
ಚಂಪಾ